ಒಂದು ಗಣಕ, ನಾಲ್ಕು ಪಾಲು

ಒಂದೇ ಗಣಕದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡು, ಬೇಕಾದಾಗ ಬೇಕಾದುದನ್ನು ನಡೆಸುವವರನ್ನು ನೀವು ನೋಡಿರಬಹುದು. ಈ ಅನುಕೂಲ ಹುಟ್ಟಿದ್ದು ಹೇಗೆ?

1981ರ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಯಾವ ಆಪರೇಟಿಂಗ್ ಸಿಸ್ಟಂನ ಫ್ಲಾಪಿ ಹಾಕಿದರೆ ಅದೇ ಓಡುತ್ತಿತ್ತು. 1983ರ ಪಿಸಿ ಎಕ್ಸ್‌ಟಿಯೊಳಗೆ 10 ಮೆಗಾಬೈಟ್‌ನ ಹಾರ್ಡ್ ಡಿಸ್ಕ್ ಬಂದು ಕುಳಿತಿತು. ಅದನ್ನೆಲ್ಲ ಒಂದೇ ಸಿಸ್ಟಂ ಆಕ್ರಮಿಸಿಕೊಂಡರೆ ಉಳಿದವಕ್ಕೆ ಜಾಗವೆಲ್ಲಿ? ಅದಕ್ಕೆಂದೇ ಆ ವರ್ಷ ಬಂದ ಡಾಸ್ 2.0ರಲ್ಲಿ ಡಿಸ್ಕನ್ನು ನಾಲ್ಕು ಪಾಲು ಮಾಡುವ ಏರ್ಪಾಡಾಯಿತು. ಡಿಸ್ಕಿನ ಮೊದಲ 512 ಬೈಟ್‌ಗಳೊಳಗೆ 64 ಬೈಟ್‌ಗಳ ಒಂದು ಪಟ್ಟಿ. ಯಾವ ಪಾಲು ಎಲ್ಲಿ ಆರಂಭ, ಎಷ್ಟು ದೊಡ್ಡದು, ಯಾವುದನ್ನು ಚಾಲನೆ ಮಾಡಬೇಕು ಎಂಬುದೆಲ್ಲ ಅದರಲ್ಲಿ ದಾಖಲು. ಹೊಲಕ್ಕೆ ಪಹಣಿ ಇದ್ದಂತೆ!

1991ರಲ್ಲಿ ಈ ಪಹಣಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್‌ಗೆ ಒದಗಿ ಬಂದಿತು. ತಮ್ಮ ಗಣಕದಲ್ಲಿ ಮಿನಿಕ್ಸ್ ಬಳಸುತ್ತಲೇ ಅವರು ಲಿನಕ್ಸ್ ಬರೆದರು. ಒಮ್ಮೆ ಕೈತಪ್ಪಿನಿಂದ ಮಿನಿಕ್ಸ್‌ನ ಪಾಲೇ ಹಾಳಾಯಿತು. ಅವರು ಅದನ್ನು ಮತ್ತೆ ಹಾಕಲಿಲ್ಲ, ಲಿನಕ್ಸನ್ನೇ ನೆಚ್ಚಿಕೊಂಡರು. ಮುಂದೆ ಲೈಲೋ, 1995ರಲ್ಲಿ ಗ್ರಬ್ ಬಂದು, ಗಣಕ ಹೊತ್ತಿಕೊಂಡೊಡನೆ ‘ಯಾವುದು ಬೇಕು?’ ಎಂದು ಕೇಳತೊಡಗಿದವು.

ಇಂದು ಆ ಹಳೆಯ ಪಟ್ಟಿಯ ಸ್ಥಾನಕ್ಕೆ ಜಿಪಿಟಿ ಬಂದಿದೆ. ಅದರಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಎಡೆಯುಂಟು. ಆದರೆ ಪಟ್ಟಿ ಕೆಟ್ಟರೆ ಪಾಲುಗಳೇ ಕಾಣೆಯಾಗುವ ಅಪಾಯ ಈಗಲೂ ಪೂರ್ತಿ ಹೋಗಿಲ್ಲ. ಆದ್ದರಿಂದ ಮೊದಲು ನಿಮ್ಮ ಕಡತಗಳ ಪ್ರತಿ ತೆಗೆದಿಡಿ, ಆಮೇಲೆ ಪ್ರಯೋಗಕ್ಕೆ ಕೈಹಾಕಿ. ಇನ್ನೊಬ್ಬರಿಗೂ ಜಾಗ ಬಿಟ್ಟ ಒಂದು ಏರ್ಪಾಡಿನಿಂದ ಒಬ್ಬ ವಿದ್ಯಾರ್ಥಿಗೆ ಎಷ್ಟು ಉಪಕಾರವಾಯಿತು ನೋಡಿ!