ಕಟ್ಟೆಯ ಮಾತಿನಲ್ಲಿ ಪಾರಿಜಾತದ ಪ್ರಮಾಣ

ಶಾಸ್ತ್ರಗ್ರಂಥಗಳಲ್ಲಿ ಅನ್ಯರ ವಚನವನ್ನು ಉದ್ಧರಿಸುವವರು ಆಕರವನ್ನು ಹೆಸರಿಸುವುದು ವಾಡಿಕೆ. ಮಲ್ಲಿನಾಥಸೂರಿಯು ಶಬ್ದಾರ್ಥವನ್ನು ನಿರ್ಣಯಿಸುವಲ್ಲಿ ಅಮರಸಿಂಹನನ್ನು ಪದೇ ಪದೇ ಸ್ಮರಿಸುವನು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಆಟದ ರಸಿಕರು ಪ್ರಮಾಣವನ್ನು ಕೊಡುವ ಬಗೆಯೇ ಬೇರೆ. ಕಟ್ಟೆಯ ಮೇಲೆ ಮುನಿದ ಗೃಹಿಣಿಯ ಮಾತು ಬಂದರೆ ಸತ್ಯಭಾಮೆಯೆಂಬ ಹೆಸರೊಂದೇ ಸಾಕು. ಕವಿಯಾರು, ಕೃತಿಯಾವುದು ಎಂದು ಯಾರೂ ಕೇಳರು.

ಆ ಕೃತಿಯು ಶ್ರೀಕೃಷ್ಣ ಪಾರಿಜಾತ. ಇದರ ಕಥಾಮೂಲವು ಹರಿವಂಶದ ವಿಷ್ಣುಪರ್ವದಲ್ಲಿದೆ. ನಾರದನು ತಂದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಡಲು, ಸತ್ಯಭಾಮೆಯು ಕೋಪಿಸಿಕೊಳ್ಳುವಳು. ತೆಲುಗಿನ ನಂದಿ ತಿಮ್ಮನನು 16ನೆಯ ಶತಮಾನದಲ್ಲಿ ಇದನ್ನೇ ಪ್ರೌಢಪ್ರಬಂಧವಾಗಿಸಿದನು. ಕನ್ನಡದಲ್ಲಿ ಅಪರಾಳ ತಮ್ಮಣ್ಣನು ರಚಿಸಿದ ಪಾರಿಜಾತವನ್ನು ಕುಲಗೋಡ ತಮ್ಮಣ್ಣನು ಆಟಕ್ಕೆ ಒಗ್ಗಿಸಿದನು. ಕುಲಗೋಡವು ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿಗೆ ಸೇರಿದೆ. ಮುಂದೆ ಕೌಜಲಗಿ ನಿಂಗಮ್ಮನಂಥ ನಟಿಯರಿಂದ ಆಟದ ಕೀರ್ತಿಯು ಹಬ್ಬಿತು.

ವಿಚಾರಣೀಯವಾದ ಅಂಶವೊಂದುಂಟು. ಆಟದಲ್ಲಿ ಪದಗಳು ನಿಯತವಾಗಿದ್ದರೂ, ಭಾಗವತನು ಪಾತ್ರಗಳೊಡನೆ ಆಡುವ ಮಾತು ಬಹುಮಟ್ಟಿಗೆ ಆಶುವಾದುದು. ಮೇಳದಿಂದ ಮೇಳಕ್ಕೆ ಭಿನ್ನವಾಗುವಂಥದು. ಕಟ್ಟೆಯಲ್ಲಿ ಪಾರಿಜಾತದ್ದೆಂದು ಹೇಳುವ ಮಾತನ್ನು ಮುದ್ರಿತ ಪುಸ್ತಕದಲ್ಲಿ ಹುಡುಕಿದವನಿಗೆ ಅದು ದೊರೆಯದಿದ್ದರೆ ಆಶ್ಚರ್ಯವಿಲ್ಲ. ಅಷ್ಟರಿಂದಲೇ ಅದನ್ನು ಪ್ರಕ್ಷಿಪ್ತವೆಂದು ತಳ್ಳುವುದು ಆತುರದ ನಿರ್ಣಯವಾದೀತು. ಹೇಳಿದವನು ಗ್ರಂಥವನ್ನಲ್ಲ, ತಾನು ಕೇಳಿದ ರಾತ್ರಿಯನ್ನು ಉದ್ಧರಿಸುತ್ತಾನೆ. ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರಾದ ಜನರನ್ನು 9ನೆಯ ಶತಮಾನದಲ್ಲಿಯೇ ಕೊಂಡಾಡಿದ ಕವಿರಾಜಮಾರ್ಗವು ತಿರುಳ್ಗನ್ನಡ ನಾಡಿನ ಎಲ್ಲೆಯಲ್ಲಿ ಎಣಿಸಿದ ಒಕ್ಕುಂದವು ಇದೇ ಬೆಳಗಾವಿ ಜಿಲ್ಲೆಯದೆಂಬುದನ್ನು ಇಲ್ಲಿ ನೆನೆಯಬಹುದು. ಪಾರಿಜಾತದ ಶುದ್ಧಪಾಠವನ್ನು ಸಿದ್ಧಗೊಳಿಸುವವರು ಇಂಥ ಮಾತುಗಳನ್ನೂ ಊರು, ಮೇಳಗಳ ಹೆಸರಿನೊಡನೆ ಪಾಠಾಂತರಗಳ ಸ್ಥಾನದಲ್ಲಿ ಕೊಡುವುದು ಯುಕ್ತ.