ಆತಕೂರಿನ ಬಾಳ್ಗಳ್ಚು ಮತ್ತು ಅಳಿದುಹೋದ ಲೇಖ್ಯ

ಯುದ್ಧದಲ್ಲಿ ಮಡಿದವನಿಗೆ ನಮ್ಮ ನಾಡಿನಲ್ಲಿ ವೀರಗಲ್ಲನ್ನು ನೆಡುತ್ತಿದ್ದರೆಂಬುದು ಸರ್ವವಿದಿತವಾದ ಸಂಗತಿ. ಕಾದಿ, ಗಾಯಗೊಂಡು, ಬದುಕಿ ಮನೆಗೆ ಹಿಂದಿರುಗಿದ ಭಟನಿಗೆ ಏನು ಸಲ್ಲುತ್ತಿತ್ತು, ಆತನ ಹಕ್ಕಿಗೆ ಯಾವುದು ಪ್ರಮಾಣವಾಗಿತ್ತು, ಬರೆಹವು ಅಳಿದುಹೋದರೆ ಆತನ ಗತಿಯೇನು ಎಂಬ ವಿಚಾರವು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಂತೆ ತೋರುವುದಿಲ್ಲ. ಈಗಿನ ಕಾಲದಲ್ಲಿ ಇದು ಬರಿಯ ಪುರಾತತ್ತ್ವದ ಪ್ರಶ್ನೆಯೂ ಅಲ್ಲ. ಸೈನ್ಯದಲ್ಲಿ ಸೇವೆಮಾಡಿ ಅಂಗಹೀನನಾದವನು ವೃದ್ಧಾಪ್ಯದಲ್ಲಿ ಮಾನ್ಯತೆಯನ್ನು ಬೇಡಿದಾಗ, ಆತನ ದಾಖಲೆಯು ಇಲ್ಲವೆಂಬ ಒಂದೇ ಉತ್ತರವು ಆತನ ಮೈಮೇಲಣ ಗಾಯದ ಕಲೆಯನ್ನೂ ಅಳಿಸಿಬಿಡುವುದುಂಟು. ಈ ವಿಷಯದಲ್ಲಿ ನಮ್ಮ ಶಾಸನಗಳೂ ಧರ್ಮಶಾಸ್ತ್ರವೂ ಹೇಳುವುದೇನೆಂಬುದನ್ನು ಯಥಾಮತಿ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಚಾರಕ್ಕೆ ಆಧಾರವಾದ ಶಾಸನವು ಮಂಡ್ಯ ಜಿಲ್ಲೆಯ ಮದ್ದೂರು ಸೀಮೆಯದು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಗೂಡುಕಟ್ಟುವುದರಿಂದ ಪ್ರಸಿದ್ಧವಾಗಿರುವ ಕೊಕ್ಕರೆ ಬೆಳ್ಳೂರು ಇರುವುದೂ ಇದೇ ತಾಲ್ಲೂಕಿನಲ್ಲಿ. ಇಲ್ಲಿನ ಆತಕೂರಿನಲ್ಲಿ, ಈಗ ಜನರು ಆತಗೂರು ಎನ್ನುವ ಗ್ರಾಮದಲ್ಲಿ, ಚಲ್ಲೇಶ್ವರ ದೇವಾಲಯದ ಮುಂದೆ ನಿಂತಿದ್ದ ಕಲ್ಲನ್ನು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿದೆ. ರೈಸ್ ಸಾಹೇಬರು ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಮಂಡ್ಯ ತಾಲ್ಲೂಕಿನ ೪೧ನೆಯ ಶಾಸನವಾಗಿ ಇದನ್ನು ಅಚ್ಚುಮಾಡಿದರು. ಫ್ಲೀಟರು ಎಪಿಗ್ರಾಫಿಯ ಇಂಡಿಕದಲ್ಲಿ ವಿವರವಾಗಿ ಪರಿಶೋಧಿಸಿದರು. ಕಾಲವು ಶಕವರ್ಷ ೮೭೨, ಸೌಮ್ಯ ಸಂವತ್ಸರ, ಎಂದರೆ ಕ್ರಿ. ಶ. ೯೪೯-೫೦. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದಾಗ, ಆತನ ಪಕ್ಷದಲ್ಲಿದ್ದ ಗಂಗರ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದನು. ಬೂತುಗನ ಆಳಾದ, ಸಗರವಂಶದ ಮನಲೆರನೆಂಬುವನು ಆ ಕಾಳಗದಲ್ಲಿ ಮೆರೆದ ಪರಾಕ್ರಮವನ್ನು ಕಂಡು ಅರಸನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಮನಲೆರನು ಬೇಡಿದ್ದು ಊರನ್ನಲ್ಲ, ಪೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು.

ಆ ನಾಯಿಯನ್ನು ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಬೆಟ್ಟದಲ್ಲಿ ಒಂದು ಮಹಾವರಾಹದ ಮೇಲೆ ಬಿಡಲಾಗಿ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. (ಬೆಳತೂರೆಂಬ ಹೆಸರನ್ನು ಕಂಡೊಡನೆ ಅದೇ ಬೆಳ್ಳೂರೆನ್ನಲು ನಾಲಗೆ ತುರಿಸುವುದು ಸಹಜ, ಶಬ್ದಸಾಮ್ಯವೊಂದನ್ನೇ ನಂಬಿ ಸ್ಥಳನಿರ್ಣಯ ಮಾಡುವುದು ತರವಲ್ಲ.) ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವಿದೆ. ಇದೇ ಕಲ್ಲಿನಲ್ಲಿ ಇನ್ನೊಂದು ಸಂಗತಿಯೂ ಬರೆದಿದೆ: ಕೃಷ್ಣನು ಬೂತುಗನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಇವನ್ನು ಕೊಟ್ಟನು, ಬೂತುಗನು ಮನಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಳ್ಚಾಗಿ ಕೊಟ್ಟನು.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಕಲ್ಲು ನಿಂತದ್ದು ನಾಯಿಗೆ. ಮನಲೆರನು ತಕ್ಕೋಲದಿಂದ ಜೀವಸಹಿತನಾಗಿ ಬಂದವನು, ಬದುಕಿಬಂದವನಿಗೆ ವೀರಗಲ್ಲೆಲ್ಲಿಯದು? ಕಾಳಿ ಸಾಯದಿದ್ದರೆ ಈ ಕಲ್ಲು ಹುಟ್ಟುತ್ತಿರಲಿಲ್ಲ. ಮನಲೆರನು ತಕ್ಕೋಲದಲ್ಲಿ ಕಾದಿದನೆಂಬುದಾಗಲಿ, ಆತಕೂರು ಹನ್ನೆರಡು ಅವನಿಗೆ ಬಾಳ್ಗಳ್ಚಾಗಿ ಬಂದಿತೆಂಬುದಾಗಲಿ ನಮಗೆ ತಿಳಿಯುವ ಬಗೆಯೇ ಇರುತ್ತಿರಲಿಲ್ಲ. ಒಂದು ನಾಯಿಯ ಸಾವಿನ ಆಶ್ರಯದಲ್ಲಿ ಒಬ್ಬ ಭಟನ ಹಕ್ಕಿನ ಪತ್ರವು ಸಾವಿರ ವರ್ಷ ಉಳಿದುಬಂದಿದೆ. ಅಂಥ ಆಶ್ರಯವಿಲ್ಲದೆ ಹೆಸರಳಿದವರು ಆ ಕಾಳಗದಲ್ಲಿ ಎಷ್ಟು ಮಂದಿ ಇದ್ದರೋ!

ಬಾಳ್ಗಳ್ಚು ಎಂಬ ಶಬ್ದವು ವಿಚಾರಾರ್ಹವಾದುದು. ಬಾಳ್ ಎಂದರೆ ಖಡ್ಗ. ಕಳ್ಚು ಎಂದರೆ ತೊಳೆ. ಬ್ರಾಹ್ಮಣರಿಗೂ ಮುನಿಗಳಿಗೂ ಭೂದಾನಮಾಡುವಾಗ ಪಾದಗಳನ್ನು ತೊಳೆದು ಧಾರಾಪೂರ್ವಕವಾಗಿ ಕೊಡುವುದು ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಕಾಣುವ ವಿಧಿ. ಭಟನ ವಿಷಯದಲ್ಲಿ ಆ ನೀರು ಖಡ್ಗದ ಮೇಲೆ ಬೀಳುವುದು. ಯುದ್ಧದ ಕೆಲಸವನ್ನು ದಾನಕ್ಕೆ ಪಾತ್ರವಾದ ಯೋಗ್ಯತೆಯೆಂದು ವಿಧಿಪೂರ್ವಕವಾಗಿ ಒಪ್ಪಿಕೊಂಡ ಕ್ರಿಯೆ ಇದು. ನೆರೆದ ಜನರ ಮುಂದೆ ನಡೆಯುವ ಇಂಥ ಕ್ರಿಯೆಗೆ ನೋಡಿದವರೆಲ್ಲರೂ ಸಾಕ್ಷಿಗಳಾಗುವರೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಇದರೊಡನೆ ನೆತ್ತರುಗೊಡಗೆ, ಕಲ್ನಾಡು ಎಂಬ ಮಾತುಗಳನ್ನೂ ಹೋಲಿಸಿ ನೋಡಬೇಕು. ಬೆಂಗಳೂರಿನ ಬಳಿಯ ಬೇಗೂರಿನ ಶಾಸನದಲ್ಲಿ ನಾಗತ್ತರನು ತುಂಬೆಪಾಡಿಯ ಕಾಳಗದಲ್ಲಿ ಮಡಿಯಲು, ಎರೆಯಪ್ಪನು ನಾಗತ್ತರ ಪಟ್ಟವನ್ನು ಇರುಗನಿಗೆ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಅಲ್ಲಿ ಸತ್ತವನ ಪಟ್ಟವೂ ಊರುಗಳೂ ಮತ್ತೊಬ್ಬನಿಗೆ ಸಂದವು. ಆತಕೂರಿನಲ್ಲಿ ಕಾದಿದವನೇ ತನ್ನ ಕೈಯಿಂದ ಪಡೆದನು. ಸತ್ತವರ ಮಕ್ಕಳಿಗೂ ಹೆಂಡಿರಿಗೂ ಗ್ರಾಸವನ್ನೂ ವೇತನವನ್ನೂ ಕೊಡಬೇಕೆಂದು ಕೌಟಿಲ್ಯನು ಹೇಳಿರುವನು. ಗಾಯಗೊಂಡವರಿಗಾಗಿ ಶಸ್ತ್ರ, ಯಂತ್ರ, ಔಷಧ, ತೈಲ, ವಸ್ತ್ರಗಳನ್ನು ಹಿಡಿದ ವೈದ್ಯರು ಸೇನೆಯ ಹಿಂದೆ ನಿಲ್ಲಬೇಕೆಂದೂ ವಿಧಿಸಿರುವನು.

ಬರೆಹವಿದ್ದ ಮಾತ್ರಕ್ಕೆ ಸಂಗತಿ ನಿಶ್ಚಯವಾಗುವುದೆಂದು ತಿಳಿಯುವುದೂ ಸರಿಯಲ್ಲ. ಇದಕ್ಕೆ ಆತಕೂರಿನ ಕಲ್ಲೇ ನಿದರ್ಶನ. ಬೂತುಗನು ರಾಜಾದಿತ್ಯನನ್ನು ಕೊಂದ ಬಗೆಯನ್ನು ಹೇಳುವ ಮಾತಿನಲ್ಲಿ 'ಬಿಸುಗೆ', 'ಕಳನ್' ಎಂಬ ಪದಗಳಿವೆ. ಫ್ಲೀಟರು ಮೊದಲು ಇಲ್ಲಿ ಕಳ್ಳತನದ ಅರ್ಥವನ್ನು ಕಂಡು, ಬೂತುಗನು ಮೋಸದಿಂದ ಇರಿದನೆಂದು ಬರೆದರು. ಬಿಸುಗೆಯೆಂದರೆ ಆನೆಯ ಮೇಲಣ ಆಸನ, ಕಳನೆಂದರೆ ಯುದ್ಧಭೂಮಿ, ಆದುದರಿಂದ ಆನೆಯ ಬೆನ್ನನ್ನೇ ರಣರಂಗವನ್ನಾಗಿ ಮಾಡಿಕೊಂಡು ಕಠಾರಿಯಿಂದ ಇರಿದನೆಂಬುದೇ ಸರಿಯಾದ ಅರ್ಥ. ಚೋಳರ ದಾಖಲೆಗಳೂ ರಾಜಾದಿತ್ಯನನ್ನು ಆನೆಯ ಮೇಲೆ ಮಡಿದ ದೇವನೆಂದೇ ಕರೆಯುವುದರಿಂದ ಇದಕ್ಕೆ ಬಲವಾದ ಸಮರ್ಥನೆ ದೊರೆಯುತ್ತದೆ. ಫ್ಲೀಟರೇ ಮುಂದೆ ಎಪಿಗ್ರಾಫಿಯ ಇಂಡಿಕದ ಆರನೆಯ ಸಂಪುಟದಲ್ಲಿ ಅರ್ಥವನ್ನು ತಿದ್ದಿದ್ದು ಅವರ ಪಾಂಡಿತ್ಯಕ್ಕೆ ಭೂಷಣವಾಗಿದೆ. ಆದರೂ ಒಂದು ಒತ್ತಕ್ಷರದ ಭ್ರಾಂತಿಯಿಂದ ವೀರನೊಬ್ಬನು ಕೆಲವು ಕಾಲ ವಂಚಕನೆನಿಸಿಕೊಂಡದ್ದು ಉಂಟು. ಮತ್ತೊಂದು ಸಂಗತಿ: ಪುರಿಗೆರೆ, ಬೆಳ್ವೊಲ, ಕಿಸುಕಾಡು, ಬಾಗೆನಾಡುಗಳು ಬೂತುಗನಿಗೆ ಕೃಷ್ಣನ ಅಕ್ಕ ರೇವಕನಿಮ್ಮಡಿಯ ವಿವಾಹದಲ್ಲಿ ಬಳಿವಳಿಯಾಗಿ ಬಂದುವೆಂದು ೯೭೫ರ ಹೆಬ್ಬಾಳದ ಶಾಸನವು ಹೇಳುತ್ತದೆ. ಕಾಳಗದ ಮೆಚ್ಚುಗೆಯೋ ಮದುವೆಯ ಉಡುಗೊರೆಯೋ? ಮೊದಲು ಬಳಿವಳಿಯಾಗಿ ಬಂದ ನಾಡುಗಳನ್ನು ಕೃಷ್ಣನು ತಕ್ಕೋಲದ ಬಳಿಕ ಸ್ಥಿರಪಡಿಸಿ, ಬನವಾಸಿಯನ್ನು ಹೆಚ್ಚಾಗಿ ಕೊಟ್ಟನೆಂದು ಇವೆರಡನ್ನೂ ಸಮನ್ವಯಗೊಳಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಅರಸರ ಬರೆಹಗಳಲ್ಲಿಯೇ ಇಂಥ ಭೇದವಿರುವಾಗ, ಸಾಮಾನ್ಯ ಭಟನ ಹಕ್ಕನ್ನು ಒಂದು ಕಾಗದದ ಇರವು ಇಲ್ಲದಿರವುಗಳ ಮೇಲೆ ತೂಗುವುದು ನ್ಯಾಯವೇ?

ಈ ಪ್ರಶ್ನೆಗೆ ಧರ್ಮಶಾಸ್ತ್ರದ ಉತ್ತರವು ಸ್ಪಷ್ಟವಾಗಿದೆ. ಯಾಜ್ಞವಲ್ಕ್ಯರು ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು ಮಾನುಷ ಪ್ರಮಾಣಗಳನ್ನು ಹೇಳಿರುವರು. ಇವು ಯಾವುವೂ ಇಲ್ಲದಾಗ ದಿವ್ಯ. ಸಾಕ್ಷಿಗಳು ಮೂವರಿಗೆ ಕಡಮೆಯಿರಬಾರದು. ಉಭಯರೂ ಒಪ್ಪಿದ ಧರ್ಮಜ್ಞನಾದರೆ ಒಬ್ಬನೂ ಸಾಕು. ಲೇಖ್ಯವು ದೇಶಾಂತರದಲ್ಲಿದ್ದರೆ, ಓದಲಾಗದಿದ್ದರೆ, ನಷ್ಟವಾದರೆ, ಅಳಿಸಿಹೋದರೆ, ಕಳವಾದರೆ, ಹರಿದರೆ, ಸುಟ್ಟರೆ ಬೇರೊಂದನ್ನು ಮಾಡಿಸಬೇಕೆಂದು ಅವರ ಮತ. ಇದ್ದ ಲೇಖ್ಯವನ್ನು ತರಲು ಕಾಲಾವಕಾಶವನ್ನು ಕೊಡಬೇಕು, ಇಲ್ಲವೇ ಇಲ್ಲವಾದರೆ ಅದನ್ನು ಕಂಡವರನ್ನು ಕೇಳಬೇಕು ಎಂದು ನಾರದರು ಹೇಳುವರು. ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಈ ಮಾತುಗಳನ್ನು ವಿಸ್ತರಿಸಿರುವನು. ಇವು ಸಾಲದ ಪತ್ರವನ್ನು ಕುರಿತ ಪ್ರಕರಣದಲ್ಲಿ ಬಂದವು, ಭಟರ ಕೊಡಗೆಗೆ ಹೇಗೆ ಅನ್ವಯಿಸುವುವು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಸಹಜವೇ. ಆದರೆ ರಾಜದತ್ತವಾದ ಭೂಮಿಯ ವಿಷಯದಲ್ಲಿ ಯಾಜ್ಞವಲ್ಕ್ಯರ ಆಚಾರಾಧ್ಯಾಯದ ವಚನವು ಇನ್ನೂ ಬಲವಾದುದು: ಭೂಮಿಯನ್ನು ಕೊಟ್ಟ ಅರಸನು ಮುಂದೆ ಬರುವ ಸದ್ಭೂಪತಿಗಳ ತಿಳಿವಳಿಕೆಗಾಗಿ ಪಟದಲ್ಲೋ ತಾಮ್ರಪಟ್ಟದಲ್ಲೋ ಲೇಖ್ಯವನ್ನು ಮಾಡಿಸಬೇಕು. ಬರೆಯಿಸುವ ಕರ್ತವ್ಯವು ಕೊಟ್ಟವನದು, ಪಡೆದವನದಲ್ಲ. ಬರೆಹದ ಪ್ರಯೋಜನವೂ ಮುಂದಿನ ಅರಸರಿಗೆ. ಇದರಿಂದ ಫಲಿಸುವುದೇನೆಂದರೆ, ಕೊಟ್ಟವನು ಬರೆಯಿಸದಿದ್ದ ಅಥವಾ ಕಾಪಾಡದಿದ್ದ ದೋಷವನ್ನು ಪಡೆದವನ ತಲೆಯ ಮೇಲೆ ಹೊರಿಸಲಾಗದು. ನಮ್ಮ ಮತವು ನಿಂತಿರುವುದು ಈ ವಚನದ ಮೇಲೆ.

ಇನ್ನು ಭುಕ್ತಿ. ಆಗಮವು ಭೋಗಕ್ಕಿಂತ ಬಲವುಳ್ಳದ್ದಾದರೂ, ಪೂರ್ವಕ್ರಮದಿಂದ ಬಂದ ಭೋಗದ ಮುಂದೆ ಹಾಗಲ್ಲವೆಂದು ಸ್ಮೃತಿ. ಕೊಕ್ಕರೆ ಬೆಳ್ಳೂರಿನ ಹುಣಿಸೆಮರಗಳಲ್ಲಿ ಹಕ್ಕಿಗಳಿಗಿರುವ ಹಕ್ಕು ಈ ಜಾತಿಯದು. ೧೯೭೬ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಅದನ್ನು ಹೊರಲೋಕಕ್ಕೆ ತಿಳಿಸುವ ಮೊದಲೂ, ೨೦೦೭ರಲ್ಲಿ ಸರಕಾರವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸುವ ಮೊದಲೂ ಊರವರು ಯಾವ ಪತ್ರವನ್ನೂ ಕೇಳದೆ ಆ ಭೋಗವನ್ನು ಮನ್ನಿಸಿಕೊಂಡು ಬಂದಿದ್ದರು. ಮನುಷ್ಯರ ವಿಷಯದಲ್ಲಿ ಎಲ್ಲ ಕಾಲದಲ್ಲಿಯೂ ಹೀಗೆ ನಡೆಯಲಿಲ್ಲ. ಉತ್ತರ ಕರ್ನಾಟಕದಲ್ಲಿ ಮುಂಬಯಿ ಸರಕಾರದ ೧೮೫೨ರ ಹನ್ನೊಂದನೆಯ ಕಾಯಿದೆಯ ಪ್ರಕಾರ ಇನಾಂ ಕಮಿಷನ್ನಿನವರು ತಲೆಮಾರುಗಳಿಂದ ಭೂಮಿಯನ್ನು ಅನುಭವಿಸುತ್ತಿದ್ದವರಿಂದ ಸನ್ನದುಗಳನ್ನು ಕೇಳಿದರು. ಲೇಖ್ಯವೊಂದೇ ಪ್ರಧಾನವಾಗಿ, ಸಾಕ್ಷಿಯೂ ಭುಕ್ತಿಯೂ ಹಿಂದಾದುವು. ತೋರಿಸಲಾರದವರು ಅನೇಕರು ಭೂಮಿಯನ್ನು ಕಳೆದುಕೊಂಡರು.

ಈಚಿನ ಯುದ್ಧಗಳಲ್ಲಿ ಈ ತೊಡಕು ಬಹುವಾಗಿ ಬೆಳೆಯಿತು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಹಿಡಿದ ಕುದುರೆಪಡೆಗಳಲ್ಲಿ ಮೈಸೂರಿನ ಲ್ಯಾನ್ಸರ್ ದಳವೂ ಒಂದು. ಆ ಕಾಲದ ಭಟನ ಗಾಯಕ್ಕೆ ಸಾಕ್ಷಿಯಾದವರು ಅವನ ಊರಿನವರಲ್ಲ. ಸಾವಿರಾರು ಹರದಾರಿಗಳಾಚೆಯ ಆಸ್ಪತ್ರೆಯ ಪುಸ್ತಕ. ಅಂಥ ಪುಸ್ತಕಗಳು ಒಂದೇ ಕಡೆ ಕೂಡಿದ್ದರೆ ಒಂದೇ ಬೆಂಕಿಯಲ್ಲಿ ಹೋಗುವುವು. ೧೯೪೦ನೆಯ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದಾಗ ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಸಿಪಾಯಿಗಳ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಸುಟ್ಟುಹೋಯಿತು. ೧೯೭೩ನೆಯ ಜುಲೈ ೧೨ರಂದು ಅಮೆರಿಕದ ಸೇಂಟ್ ಲೂಯಿ ನಗರದ ದಾಖಲೆಮನೆಗೆ ಬೆಂಕಿ ಬಿದ್ದು ೧೬೦ರಿಂದ ೧೮೦ ಲಕ್ಷ ಕಡತಗಳು ನಾಶವಾದುವು. ೧೯೧೨ರಿಂದ ೧೯೬೦ರವರೆಗೆ ಭೂಸೈನ್ಯದಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಅದರಲ್ಲಿ ಹೋದುವು. ಆ ಬಳಿಕ ಅಲ್ಲಿಯ ಅಧಿಕಾರಿಗಳು ಸಂಬಳದ ಚೀಟಿ, ದಳದ ದಿನವರದಿ, ಹಳೆಯ ಕಾಗದ, ಒಡನೆ ಕಾದಿದವರ ಹೇಳಿಕೆ ಇವನ್ನು ಪ್ರಮಾಣವಾಗಿ ಸ್ವೀಕರಿಸಬೇಕಾಯಿತು. ಕಂಡವರನ್ನು ಕೇಳೆಂಬ ನಾರದವಚನವನ್ನು ಅವರು ಓದಿರಲಾರರು. ಕಾರ್ಯವು ಮಾತ್ರ ಅದರ ದಾರಿಯನ್ನೇ ಹಿಡಿಯಿತು.

ನಮ್ಮ ದೇಶದಲ್ಲಿ ಸೈನಿಕರ ಅಂಗವೈಕಲ್ಯದ ಪಿಂಚಣಿಯನ್ನು ಕುರಿತ ೧೯೮೨ರ ನಿಯಮಗಳು, ಹಕ್ಕನ್ನು ರುಜುವಾತುಪಡಿಸುವ ಭಾರವನ್ನು ಬೇಡುವವನ ಮೇಲೆ ಹೊರಿಸಬಾರದು, ನ್ಯಾಯವಾದ ಸಂಶಯವಿದ್ದರೆ ಅದರ ಪ್ರಯೋಜನವು ಅವನಿಗೇ ಸಲ್ಲಬೇಕು ಎಂದು ವಿಧಿಸಿದ್ದುವು. ೨೦೧೩ರಲ್ಲಿ ಧರ್ಮವೀರ್ ಸಿಂಗರ ವ್ಯವಹಾರದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಯಮಗಳನ್ನು ವಿವರಿಸಿ, ಸೇರುವಾಗ ದೋಷವನ್ನು ಬರೆದಿಡದಿದ್ದರೆ ಅದು ಸೇವೆಯಲ್ಲಿಯೇ ಉಂಟಾದುದೆಂದು ಊಹಿಸಬೇಕೆಂದು ತೀರ್ಮಾನಿಸಿತು. ಅದು ಯುದ್ಧದ ಗಾಯದ ವ್ಯವಹಾರವಲ್ಲ, ರೋಗದ್ದು. ಆದರೆ ಬರೆಹವಿಲ್ಲದಿರುವುದರ ಫಲವು ಬರೆಯಬೇಕಾಗಿದ್ದವನನ್ನು ಮುಟ್ಟಬೇಕೆಂಬ ನ್ಯಾಯವು ತಾಮ್ರಪಟ್ಟದ ವಚನದಲ್ಲಿಯೂ ಈ ತೀರ್ಪಿನಲ್ಲಿಯೂ ಒಂದೇ.

ಬಾಳ್ಗಳ್ಚು, ನೆತ್ತರುಗೊಡಗೆ, ಕಲ್ನಾಡುಗಳನ್ನು ಹೇಳುವ ಶಾಸನಗಳನ್ನು ಒಂದೆಡೆ ಸಂಗ್ರಹಿಸಿ, ಪಡೆದವನು ಬದುಕಿದವನೇ ಸತ್ತವನ ಸಂತತಿಯೇ ಎಂದು ವಿಂಗಡಿಸುವ ಕೆಲಸವನ್ನು ತರುಣ ವಿದ್ವಾಂಸರು ಕೈಗೊಳ್ಳಬೇಕೆಂದು ಪ್ರಾರ್ಥನೆ. ಮದ್ದೂರು ಮಳವಳ್ಳಿಗಳ ಕೆರೆಯ ಏರಿಗಳ ಮೇಲೂ ಹಾಳುಗುಡಿಗಳ ಪಕ್ಕದಲ್ಲಿಯೂ ಇರುವ ವೀರಗಲ್ಲುಗಳಲ್ಲಿ ಅಕ್ಷರವಿಲ್ಲದವನ್ನೂ, ಅಕ್ಷರ ಸವೆದುಹೋದವನ್ನೂ ಬಿಡದೆ ಪಟ್ಟಿಯಲ್ಲಿ ಸೇರಿಸಬೇಕು; ಅವುಗಳ ಸುತ್ತಣ ಹೊಲಗಳ ಹೆಸರುಗಳನ್ನು ಊರಿನ ಹಿರಿಯರಿಂದ ಕೇಳಿ ಜೊತೆಯಲ್ಲಿಯೇ ಬರೆದುಕೊಳ್ಳಬೇಕು.