ಗಡಿನಾಡಿನ ವಿದ್ಯಾರ್ಥಿಗಳ ಅನ್ನದ ದಾರಿ

ಪರಸ್ಥಳಕ್ಕೆ ಓದಲು ಹೋದ ಹುಡುಗನಿಗೆ ಪುಸ್ತಕಕ್ಕಿಂತ ಮೊದಲು ಬೇಕಾದದ್ದು ಎರಡು ಹೊತ್ತಿನ ಊಟ. ಜಹೀರಾಬಾದ, ನಾರಾಯಣಖೇಡ, ತಾಂಡೂರು ಸೀಮೆಯ ನಮ್ಮ ಹಿರಿಯರು ಆ ಊಟವನ್ನು ಹೇಗೆ ಹೊಂದಿಸಿಕೊಂಡರು ಎಂಬುದು ಈ ಭಾಗದ ವಿದ್ಯಾಭ್ಯಾಸದ ಚರಿತ್ರೆಯ ಅರ್ಧ ಭಾಗವೇ ಆಗಿದೆ.

ನಿಜಾಮರ ಆಳ್ವಿಕೆಯಲ್ಲಿ ಜಹೀರಾಬಾದ, ನಾರಾಯಣಖೇಡಗಳು ಬೀದರ ಜಿಲ್ಲೆಗೂ ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. 1956ರ ನವೆಂಬರ್ 1ರಂದು ಇವು ಆಂಧ್ರಪ್ರದೇಶಕ್ಕೆ ಹೋದವು. 2014ರಲ್ಲಿ ತೆಲಂಗಾಣದ ಪಾಲಾದವು. ಗೆರೆ ಬಿದ್ದರೂ ನಂಟು ಹರಿಯಲಿಲ್ಲ. ಝರಾಸಂಗಮದ ಕೇತಕಿ ಸಂಗಮೇಶ್ವರನ ಸನ್ನಿಧಿಗೂ ತಾಂಡೂರಿನ ಭಾವಿಗಿ ಭದ್ರೇಶ್ವರನ ಜಾತ್ರೆಗೂ ಕನ್ನಡ ನಾಡಿನ ಭಕ್ತರು ಇಂದಿಗೂ ಬರುತ್ತಾರೆ.

1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಪಾಠ ಉರ್ದುವಿನಲ್ಲಿ. ಹಳ್ಳಿಯ ಹುಡುಗನಿಗೆ ಭಾಷೆಯ ಕಷ್ಟ ಒಂದಾದರೆ, ಪಟ್ಟಣದಲ್ಲಿ ಉಣ್ಣುವ ಕಷ್ಟ ಇನ್ನೊಂದು. ಅದೇ 1918ರಲ್ಲಿ ರಾಜಾ ಬಹದ್ದೂರ್ ವೆಂಕಟರಾಮ ರೆಡ್ಡಿಯವರ ಪ್ರಯತ್ನದಿಂದ ಅಲ್ಲಿ ರೆಡ್ಡಿ ಹಾಸ್ಟೆಲು ಆರಂಭವಾದುದು ಈ ಕೊರತೆಯನ್ನು ಮನಗಂಡೇ. ಅಂಥ ಆಸರೆ ಸಿಗದ ಬಡ ಹುಡುಗರಿಗೆ ಉಳಿದದ್ದು ವಾರಾನ್ನ ಮತ್ತು ಮಾಧುಕರಿ. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ. ಯಾವ ಮನೆಯವರಾದರೂ ಊರಿಗೆ ಹೋದರೆ ಆ ವಾರ ಉಪವಾಸ. ಮಾಧುಕರಿಯೆಂದರೆ ಹಲವು ಮನೆಗಳಿಂದ ತುತ್ತು ತುತ್ತು ಬೇಡಿ ತಂದು ಉಣ್ಣುವುದು.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಲೇಬೇಕು. ವಾರಾನ್ನ ಪುಣ್ಯದ ಕೆಲಸವಾದರೂ ಅದು ಬಹುಮಟ್ಟಿಗೆ ಆಯಾ ಜಾತಿಯ ಹೊಸ್ತಿಲೊಳಗೇ ನಡೆಯಿತು. ಅಸ್ಪೃಶ್ಯರೆನಿಸಿಕೊಂಡ ಮನೆಗಳ ಮಕ್ಕಳಿಗೆ ಆ ಬಾಗಿಲು ತೆರೆಯಲಿಲ್ಲ. ಅವರಿಗೆ ಓದು ದೂರವಾದುದಕ್ಕೆ ಹಸಿವೂ ಒಂದು ಕಾರಣ ಎಂಬುದನ್ನು ನಾವು ಮರೆಯಬಾರದು.

ಈ ಕೊರತೆಗೆ ನಮ್ಮ ನಾಡಿನಲ್ಲಿಯೇ ಒಂದು ಉತ್ತರವಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ದಾಸೋಹವನ್ನು ದಾನವೆನ್ನದೆ ಕರ್ತವ್ಯವೆಂದರು. ಕಲಬುರ್ಗಿಯ ಶರಣಬಸವೇಶ್ವರರು ದಾಸೋಹದಿಂದಲೇ ಹೆಸರಾದವರು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1889–1999) ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಎಲ್ಲರಿಗೂ ಗೊತ್ತು. ಆ ಮಕ್ಕಳ ಊಟ ವಸತಿಯ ಚಿಂತೆಯನ್ನೂ ಅವರು ಹೊತ್ತರು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು (1907–2019) ಜಾತಿ ಕೇಳದೆ ಸಾವಿರಾರು ವಿದ್ಯಾರ್ಥಿಗಳಿಗೆ ಅನ್ನವಿಕ್ಕಿದರು. ಒಬ್ಬರ ಮನೆಯ ಕೃಪೆಯಾಗಿದ್ದ ಊಟ ಹೀಗೆ ಪಂಕ್ತಿಯ ಹಕ್ಕಾಯಿತು.

ಮಠದಲ್ಲಿ ಸ್ಥಳ ಸಿಗದವರು ನಾಲ್ವರು ಕೂಡಿ ಖೋಲಿ ಹಿಡಿದರು. ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು: ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ. ಖಡಕ್ ರೊಟ್ಟಿ ಬೇಗ ಕೆಡುವುದಿಲ್ಲ. ತೊಗರಿ ಬೇಳೆಯನ್ನಷ್ಟು ಸ್ಟೋವಿನ ಮೇಲೆ ಬೇಯಿಸಿಕೊಂಡರೆ ಊಟ ಮುಗಿಯಿತು. ಅಲ್ಪಸ್ವಲ್ಪ ದುಡ್ಡಿದ್ದವರು ತಿಂಗಳ ಲೆಕ್ಕದ ಖಾನಾವಳಿ ಹಿಡಿದರು. ಆ ಖಾನಾವಳಿಗಳಲ್ಲಿ ರೊಟ್ಟಿ ಬಡಿದ ತಾಯಂದಿರೂ ನಮ್ಮ ವಿದ್ಯಾಭ್ಯಾಸಕ್ಕೆ ಕಾರಣರೇ.

ಇಂದು ಸರ್ಕಾರಗಳು ಬಹಳಷ್ಟು ಮಾಡಿವೆ. ಕರ್ನಾಟಕದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿಯೇ ಮೊದಲು ಆರಂಭವಾಯಿತು. ಆದರೆ ಅದು ಶಾಲಾ ಮಕ್ಕಳಿಗೆ ಮಾತ್ರ. ಹೈದರಾಬಾದಿನಲ್ಲಿ 2014ರಲ್ಲಿ ಐದು ರೂಪಾಯಿಯ ಊಟ ಬಂತು. 2017ರಲ್ಲಿ ಬೆಂಗಳೂರಿನಲ್ಲಿ ತೆರೆದ ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ ಐದು, ಊಟಕ್ಕೆ ಹತ್ತು ರೂಪಾಯಿ. 2024ರಲ್ಲಿ ತೆಲಂಗಾಣವು ತನ್ನ ವಸತಿನಿಲಯಗಳ ಕಾಲೇಜು ವಿದ್ಯಾರ್ಥಿಗಳ ಊಟದ ಮಾಸಿಕ ಭತ್ಯವನ್ನು 1500ರಿಂದ 2100 ರೂಪಾಯಿಗೆ ಏರಿಸಿತು. ದಿನಕ್ಕೆ ಲೆಕ್ಕ ಹಾಕಿದರೆ 70 ರೂಪಾಯಿ. ಇಷ್ಟರಲ್ಲಿ ಬೆಳಗಿನ ತಿಂಡಿ, ಎರಡು ಹೊತ್ತಿನ ಊಟ ಆಗಬೇಕು.

ನಮ್ಮ ಭಾಗದ ಮಕ್ಕಳ ಕಷ್ಟ ಇನ್ನೂ ಒಂದಿದೆ. ಕನ್ನಡದಲ್ಲಿ ಓದಬೇಕೆಂದು ಬೀದರಕ್ಕೋ ಕಲಬುರ್ಗಿಗೋ ಹೋದರೆ ಅಲ್ಲಿ ಅವರು ಪರರಾಜ್ಯದವರು. ಸರ್ಕಾರಿ ವಸತಿನಿಲಯ ಆಯಾ ರಾಜ್ಯದ ಪ್ರಮಾಣಪತ್ರ ಕೇಳುತ್ತದೆ. ಹಸಿವಿಗೆ ಮಾತ್ರ ರಾಜ್ಯದ ಗಡಿಯಿಲ್ಲ.

ಜಾತ್ರೆಯ ದಾಸೋಹಕ್ಕೆ ಭಕ್ತರು ಜೋಳ, ಬೇಳೆ, ಅಕ್ಕಿಯನ್ನು ಭಕ್ತಿಯಿಂದ ಅರ್ಪಿಸುತ್ತಾರೆ. ಅದರಲ್ಲಿ ಒಂದು ಪಾಲನ್ನು ವರ್ಷವಿಡೀ ಓದುವ ಮಕ್ಕಳ ತಾಟಿಗೆ ಮೀಸಲಿಟ್ಟರೆ, ಜಾತಿ ಕೇಳದೆ, ಪ್ರಮಾಣಪತ್ರ ಕೇಳದೆ ಬಡಿಸಿದರೆ, ಹಿರಿಯರ ಋಣವೂ ತೀರೀತು, ಅವರಿಂದಾದ ಲೋಪವೂ ತಿದ್ದೀತು. ಸದ್ಭಕ್ತರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿ.